ಆನೆ ಕಲಿಸಿದ ನಡಿಗೆ

ಗೌಜಲಕ್ಕಿ ಮರಿಗಳನ್ನು ಕರೆದುಕೊಂಡು, ಕಾಲು ಬಗ್ಗಿಸಿ ಬಯಲಿನ ಹುಲ್ಲಿನ ಮರೆಯಲ್ಲಿ ಪುಟಪುಟನೆ ಓಡುತ್ತಿದ್ದಳು. ಎದುರಿಗೆ ಬಂದ ಆನೆರಾಯ ನಕ್ಕ.

"ಕದ್ದವರ ಹಾಗೆ ಯಾಕಮ್ಮ ಓಡ್ತೀಯ? ಕಾಲು ನೆಟ್ಟಗಿಟ್ಟು ನಿಧಾನ ನಡಿ. ಮಕ್ಕಳಿಗೂ ಮರ್ಯಾದೆ ಕಲಿಸು."

ಕಿರಿಯ ಮರಿ ಆ ಮಾತು ನಂಬಿ, ಕಾಲು ಚಾಚಿ, ಕತ್ತೆತ್ತಿ ನಡೆಯಿತು. ತಕ್ಷಣ ಮೇಲಿಂದ ಗಿಡುಗ ಎರಗಿತು. ತಾಯಿ ಹಾರಿ ಮರಿಯನ್ನು ಹುಲ್ಲಿನೊಳಗೆ ನೂಕಿದಳು. ಗಿಡುಗನಿಗೆ ಸಿಕ್ಕಿದ್ದು ಅವಳ ಬಾಲದ ಗರಿ ಮಾತ್ರ.

"ನಾನು ಒಳ್ಳೇದಕ್ಕೇ ಹೇಳಿದ್ದು," ಎಂದ ಆನೆ.

"ಕಾಲು ಬಗ್ಗಿಸಿ ನಡೆದರೆ ನಿನ್ನ ಭಾರಕ್ಕೆ ನೀನೇ ಕುಸಿಯುತ್ತೀಯ. ಅದಕ್ಕೆ ನೆಟ್ಟಗೆ ನಡೀತೀಯ. ಅದನ್ನೇ ಮರ್ಯಾದೆ ಅಂತ ನನ್ನ ಮಕ್ಕಳಿಗೆ ಕಲಿಸಬೇಡ. ನಿನ್ನನ್ನು ಯಾವ ಗಿಡುಗ ಎತ್ತಿಕೊಂಡು ಹೋಗುತ್ತೆ?"

ಆನೆ ಒಂದು ಹೆಜ್ಜೆ ಎತ್ತಿಡುವಷ್ಟರಲ್ಲಿ ಮರಿಗಳೆಲ್ಲ ಕಾಲು ಬಗ್ಗಿಸಿ ಓಡಿಯಾಗಿತ್ತು. ಎಲ್ಲಕ್ಕಿಂತ ಮುಂದೆ ಆ ಕಿರಿಯದೇ ಇತ್ತು.