ಕೊಟ್ರ ಹಾದಿ ಕಾದದ್ದು

ಒಂದು ಊರು, ಊರಿಗೊಂದು ಬಸ್ ಸ್ಟ್ಯಾಂಡು, ಬಸ್ ಸ್ಟ್ಯಾಂಡಿನ ಹಿಂದೊಂದು ಓಣಿ, ಆ ಓಣಿಯ ಕೊನೆಗೆ ಹಂಪವ್ವನ ಖಾನಾವಳಿ. ಅವಳ ರೊಟ್ಟಿ ತಿಂದವರು ರುಚಿ ಮರೆಯುತ್ತಿರಲಿಲ್ಲ, ಅವಳ ಬೈಗುಳ ತಿಂದವರು ಹಾದಿ ಮರೆಯುತ್ತಿದ್ದರು. ಮೂವತ್ತು ವರ್ಷ ಕಾದ ಹಂಚಿನ ಮುಂದೆ ಕೂತವಳು ಸಿಟ್ಟು ಮಾಡದೆ ಇನ್ನೇನು ಮಾಡಿಯಾಳು? ಆದರೆ ಆ ಸಿಟ್ಟಿನಲ್ಲಿ ಮುಕ್ಕಾಲು ಪಾಲು ಒಬ್ಬನಿಗೇ ಮೀಸಲು. ಅವನು ಅವಳ ಒಬ್ಬನೇ ಮಗ, ಕೊಟ್ರ.

ಕೊಟ್ರನಿಗೆ ಮದುವೆಯಾಗಿತ್ತು. ಆರು ವರ್ಷದ ಸಾವಿ, ನಾಲ್ಕು ವರ್ಷದ ಮುತ್ತ ಅಂತ ಎರಡು ಮಕ್ಕಳಿದ್ದವು. ಹೆಂಡತಿ ಮೂರನೆಯ ಹೆರಿಗೆಗೆ ತವರಿಗೆ ಹೋಗಿದ್ದಳು. ಎಲ್ಲ ಇತ್ತು, ಬುದ್ಧಿಯೊಂದು ಇರಲಿಲ್ಲ. ಹೇಳಿದ್ದನ್ನು ಮಾಡದ ಮಕ್ಕಳು ಎಲ್ಲರ ಮನೆಯಲ್ಲೂ ಇರುತ್ತಾರೆ. ಇವನು ಹೇಳಿದ್ದನ್ನೇ ಮಾಡುತ್ತಿದ್ದ, ಹೇಳಿದಷ್ಟನ್ನೇ ಮಾಡುತ್ತಿದ್ದ. ಅದೇ ಹಂಪವ್ವನ ಕರ್ಮ.

ಒಂದು ದಿನ ಊಟಕ್ಕೆ ಬಂದ ಲಾರಿ ಡ್ರೈವರ್ ಒಬ್ಬ ನೇಪಾಳದ ಹಿಮದ ಸುದ್ದಿ ಹೇಳಿ ಹೋದ. ಸಾವಿ ಬೆನ್ನು ಹತ್ತಿದಳು. "ಅಜ್ಜಿ, ಹಿಮ ಅಂದ್ರ ಹೆಂಗಿರತೈತಿ? ತಣ್ಣಗ? ಕೈಯಾಗ ಹಿಡೀಬಹುದ?" ಹಂಪವ್ವ ತನ್ನ ಅಂಗೈ ನೋಡಿಕೊಂಡಳು. ಸುಟ್ಟು ಸುಟ್ಟು ಕರ್ರಗಾಗಿ, ಗೆರೆಯೇ ಕಾಣದ ಅಂಗೈ. ಸಾಯುವುದರೊಳಗೆ ಒಮ್ಮೆ ಈ ಕೈ ತುಂಬ ಹಿಮ ಹಿಡಿಯಬೇಕು, ಮೊಮ್ಮಕ್ಕಳ ಕೈಗೂ ಇಡಬೇಕು ಅಂತ ಅವಳಿಗೆ ಆಸೆಯಾಯಿತು. ಆಸೆ ಅಂದರೆ ಅಂಥಿಂಥ ಆಸೆಯಲ್ಲ, ಮೂವತ್ತು ವರ್ಷದಲ್ಲಿ ಅವಳು ತನಗಾಗಿ ಪಟ್ಟ ಮೊದಲನೇ ಆಸೆ. ಜೀಪು ಹಿಡಿದು, ಕಾಶಿ ದಾಟಿ, ಗಡಿ ದಾಟಿ ನೇಪಾಳ ನೋಡಿ ಬರುವುದು. ಹದಿನೈದು ದಿನ ಖಾನಾವಳಿ ಬಂದ್.

ಹೊರಡುವ ತಯಾರಿ ಶುರುವಾಯಿತು. ಕೊಟ್ರನ ತಯಾರಿಯೂ ಶುರುವಾಯಿತು.

"ಗಡಿಯಾಗ ಮಕ್ಕಳ ಕಾಗದ ಕೇಳ್ತಾರಂತ. ಆಫೀಸಿಗೆ ಹೋಗಿ ಹುಟ್ಟಿದ್ದರ ದಾಖಲಿ ತಗೊಂಡು ಬಾ. ಬರಿಗೈಲೆ ಮಾತ್ರ ಬರಬ್ಯಾಡ, ನೋಡು!" ಅಂದಳು ಹಂಪವ್ವ.

ಕೊಟ್ರ ಹೋದ. ಆಫೀಸಿನ ಗುಮಾಸ್ತರು ಊಟಕ್ಕೆ ಎದ್ದು ಹೋಗಿದ್ದರು. ಕೊಟ್ರ ಅತ್ತ ನೋಡಿದ, ಇತ್ತ ನೋಡಿದ, ಗುಮಾಸ್ತರ ಕುರ್ಚಿಯನ್ನೇ ತಲೆಯ ಮೇಲೆ ಹೊತ್ತುಕೊಂಡು ಬಂದ.

"ಇದೇನೋ ಇದು!"

"ಬರಿಗೈಲೆ ಬರಬ್ಯಾಡ ಅಂದಿದ್ಯಲ್ಲವಾ. ಕುರ್ಚಿ ತಂದೇನಿ."

"ಎಲ್ಲಿ ಹುಟ್ಟಿದ್ಯೋ ನನ್ನ ಹೊಟ್ಟ್ಯಾಗ! ಸಾಹೇಬರು ಬರೋತನಕ ಅಲ್ಲೇ ಕುಂತು, ಶಿಕ್ಕಾ ಹೊಡಿಸಿ ತರಬೇಕೋ ಹುಚ್ಚಪ್ಯಾಲಿ! ಶಿಕ್ಕಾ ಇಲ್ಲದ್ದನ್ನ ಗಡಿಯಾಗ ಯಾರೂ ಬಿಡಂಗಿಲ್ಲ! ತಿಳೀತ?"

"ತಿಳೀತ ಬಿಡವಾ. ಇನ್ನೊಮ್ಮೆ ಹಂಗ ಮಾಡತೇನಿ."

ಹಂಪವ್ವ ತಾನೇ ಕುರ್ಚಿ ಹೊತ್ತು ಹೋಗಿ, ಗುಮಾಸ್ತರ ಕಾಲು ಕೈ ಹಿಡಿದು, ಕಾಗದ ತಂದಳು. ಮರುದಿನ ಮಕ್ಕಳಿಗೆ ಸ್ವೆಟರ್ ತರಲು ಕೊಟ್ರನನ್ನು ಪೇಟೆಗೆ ಕಳಿಸಿದಳು. ಸಾವಿಗೆ ಹಳದಿ, ಮುತ್ತನಿಗೆ ಬಿಳಿ. ತಂದ. ಬಣ್ಣ ಸರಿ, ಅಳತೆ ಸರಿ. ಬಿಡಿಸಿ ನೋಡಿದರೆ ಎರಡರ ಎದೆಯ ಮೇಲೂ ಅಂಗೈಯಗಲ ನೇರಳೆ ಮಸಿ, "ನಕಲು ಪ್ರತಿ" ಅಂತ!

"ಶಿಕ್ಕಾ ಹೊಡಿಸಿ ತಾ ಅಂದಿದ್ಯಲ್ಲವಾ. ಸಾಹೇಬರು ಇವತ್ತೂ ಊಟಕ್ಕ ಹೋಗಿದ್ರು. ಶಿಕ್ಕಾ ಮೇಜಿನ ಮ್ಯಾಲಿತ್ತು. ನಾನ ಹೊಡ್ಕೊಂಡು ಬಂದೆ."

"ಅಯ್ಯಯ್ಯಯ್ಯೋ! ಹೊಸಾ ಅರಿವಿ! ಅರಿವಿ ತಂದ್ರ ನಾಕ್ ಮಡಿಕಿ ಮಡಚಬೇಕು, ನಡುವ ಡಾಂಬರ ಗುಳಿಗಿ ಇಡಬೇಕು, ಟ್ರಂಕಿನಾಗ ಒತ್ತಿ ಒತ್ತಿ ತುಂಬಬೇಕು! ಯಾವಾನರ ಶಿಕ್ಕಾ ಹೊಡೀತಾನೇನೋ, ಮಬ್ಬ!"

"ತಿಳೀತ ಬಿಡವಾ. ಇನ್ನೊಮ್ಮೆ ಹಂಗ ಮಾಡತೇನಿ."

ಹಂಪವ್ವ ಎಷ್ಟು ತಿಕ್ಕಿದರೂ ಮಸಿ ಹೋಗಲಿಲ್ಲ. ಸಾವಿಯೂ ನಕಲು, ಮುತ್ತನೂ ನಕಲು. ಇರಲಿ, ಹಿಮಕ್ಕೆ ಓದಲು ಬರುವುದಿಲ್ಲ ಅಂತ ಸಮಾಧಾನ ಮಾಡಿಕೊಂಡು, ಅವಳು ಹಾದಿಗೆ ಬುತ್ತಿ ಮಾಡಲು ಕೂತಳು. ಎರಡು ದಿನ ಬಡಿದಳು. ಎಳ್ಳು ಹಚ್ಚಿದ ತೆಳ್ಳನೆ ಖಡಕ್ ರೊಟ್ಟಿ, ತುಟಿಗಿಟ್ಟರೆ ಪುಡಿಯಾಗುವಂಥವು, ನೂರೊಂದು. ಹದಿನೈದು ದಿನಕ್ಕೂ ಕೆಡಬಾರದು ಅಂತ ಒಣಗಿಸಿ, "ಕೊಟ್ರಾ, ಇವನ್ನ ಪ್ರವಾಸಕ್ಕ ಕಟ್ಟಿಡು" ಅಂತ ಹೇಳಿ ಶೇಂಗಾ ಹುರಿಯಲು ಒಳಗೆ ಹೋದಳು.

ಟಪ್. ಟಪ್. ಟಪ್. ಟಪ್.

ಓಡಿ ಬಂದು ನೋಡುತ್ತಾಳೆ, ಕೊಟ್ರ ಟ್ರಂಕಿನ ಮುಂದೆ ಕೂತಿದ್ದಾನೆ. ಒಂದೊಂದೇ ರೊಟ್ಟಿ ತೆಗೆದು ನಾಲ್ಕು ಮಡಿಕೆ ಮಡಚುತ್ತಿದ್ದಾನೆ, ನಡುವೆ ಡಾಂಬರ ಗುಳಿಗೆ ಇಡುತ್ತಿದ್ದಾನೆ, ಮೇಲೆ ಮೊಣಕಾಲು ಕೊಟ್ಟು ಒತ್ತುತ್ತಿದ್ದಾನೆ. ನೂರೊಂದು ರೊಟ್ಟಿ ನುಚ್ಚು ನೂರಾಗಿ, ಮನೆಯೆಲ್ಲ ಡಾಂಬರ ಗುಳಿಗೆಯ ನಾತ.

ಹಂಪವ್ವನಿಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಕೈಗೆ ಸಿಕ್ಕ ಮೊರದಿಂದಲೇ ಎರಡು ಬಿಟ್ಟಳು. "ರೊಟ್ಟೀನ ಮಡಚ್ತಾರೇನೋ! ಎರಡ ದಿನದ ಕಷ್ಟ ಮಣ್ಣಪಾಲು ಮಾಡಿದೆಲ್ಲೋ! ಒಂದರ ಮ್ಯಾಲೊಂದು ಹಗೂರಕ ಪೇರಿಸಬೇಕು, ಧೋತರದಾಗ ಸುತ್ತಬೇಕು, ಬುಟ್ಟ್ಯಾಗಿಟ್ಟು ಬಾಯಿ ಕಟ್ಟಬೇಕು! ಹಂಗ ಮಾಡಿದ್ರ ಹಾದ್ಯಾಗ ಮುರಿಯಂಗಿಲ್ಲ, ಚೆಲ್ಲಂಗಿಲ್ಲ!"

"ತಿಳೀತ ಬಿಡವಾ. ಇನ್ನೊಮ್ಮೆ ಹಂಗ ಮಾಡತೇನಿ."

ಮತ್ತೆ ಬಡಿದಳು, ಮತ್ತೆ ನೂರೊಂದು. ಈ ಸಲ ತಾನೇ ಕಟ್ಟಿಟ್ಟಳು. ಜೀಪು ನೋಡಲು ಹೊರಟಾಗ, "ಮಕ್ಕಳನ್ನ ತಯಾರ ಮಾಡಿಡು" ಅಂತ ಒಂದೇ ಒಂದು ಮಾತು ಅಂದಳು. ಅದೇ ತಪ್ಪಾಯಿತು.

ತಿರುಗಿ ಬಂದರೆ ಮಕ್ಕಳಿಲ್ಲ. ನಡುಮನೆಯಲ್ಲಿ ದೊಡ್ಡದೊಂದು ಬುಟ್ಟಿ. ಬುಟ್ಟಿಯ ಬಾಯಿಗೆ ಧೋತರದ ಗಂಟು. ಗಂಟಿನೊಳಗಿಂದ ಕಿಸಕಿಸ ನಗು. ಬಿಚ್ಚಿದರೆ ಕೆಳಗೆ ಸಾವಿ, ಮೇಲೆ ಮುತ್ತ!

"ಹಾದ್ಯಾಗ ಮುರಿಯಂಗಿಲ್ಲ, ಚೆಲ್ಲಂಗಿಲ್ಲವಾ" ಅಂದ ಕೊಟ್ರ.

"ಲೇ ಖೋಡಿ! ಮಕ್ಕಳೇನ ರೊಟ್ಟಿ ಏನೋ! ಉಸಿರು ಕಟ್ಟಿದ್ರ ಏನ ಗತಿಯೋ! ಪ್ರವಾಸಕ್ಕ ಬರೋರ ಕೈ ಹಿಡಕೊಂಡಿರಬೇಕು! ಎಲ್ಲಿ ಹೋದ್ರೂ ಬೆನ್ನ ಹಿಂದಿರಬೇಕು! ಒಂದಕ್ಕ ಹೋದ್ರೂ ಕೈ ಬಿಡಬಾರದು! ಅತ್ತರ ರಮಿಸಬೇಕು! ಕೇಳಿಸ್ತ?"

"ಕೇಳಿಸ್ತ ಬಿಡವಾ. ಇನ್ನೊಮ್ಮೆ ಹಂಗ ಮಾಡತೇನಿ."

ಸಂಜೆ ಜೀಪಿನ ಇಮಾಮಸಾಬ ಬಂದ. ಐವತ್ತು ದಾಟಿದವನು, ದಪ್ಪ ಮೀಸೆಯವನು, ಮಾತು ಕಮ್ಮಿ. ಯಾವ ಹಾದಿ, ಎಲ್ಲಿ ವಸ್ತಿ, ಮಕ್ಕಳಿಗೆ ಎಲ್ಲಿ ಹಾಲು, ಎಲ್ಲ ಮಾತಾಡಿ ಹೋಗಲು ಬಂದಿದ್ದ. ಇವನೂ ಪ್ರವಾಸಕ್ಕೆ ಬರುವವನಲ್ಲವೇ? ಕೊಟ್ರ ಬಂದು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಕೈ ಹಿಡಿದ. ಇಮಾಮಸಾಬ ಚಹಾ ಕುಡಿದ, ಕೊಟ್ರ ಕೈ ಬಿಡಲಿಲ್ಲ. ಜೀಪಿನ ಗಾಲಿ ನೋಡಲು ಎದ್ದ, ಕೈ ಬಿಡಲಿಲ್ಲ. ಒಂದಕ್ಕೆ ಅಂತ ಗೋಡೆಯ ಮರೆಗೆ ಹೋದ, ಅಲ್ಲಿಯೂ ಬಿಡಲಿಲ್ಲ. ಇಮಾಮಸಾಬ ಬೈದ, ಕೊಟ್ರ ಅವನ ಬೆನ್ನು ಸವರಿ, "ಅಳಬಾರದು ಮರಿ, ಅಳಬಾರದು" ಅಂದ.

ಇಮಾಮಸಾಬ ಕೈ ಕಿತ್ತುಕೊಂಡು ಒಳಗೆ ಬಂದ, ಮುಖ ಕೆಂಪಗಾಗಿತ್ತು. "ಹಂಪಮ್ಮಾರ, ಒಂದ ಮಾತು. ಈ ಮನಶಾ ಜೀಪಿನಾಗಿದ್ರ ನಾ ಗಾಡಿ ಹೊಡಿಯಂಗಿಲ್ಲ. ನನಗೇನು, ಮದುವಿ ಬಾಡಿಗಿ ಬೇಕಾದಷ್ಟು ಅದಾವು. ನಾಳೆ ಮುಂಜಾನೆ ಬರತೇನಿ, ಇವ ಇರಬಾರದು!"

ಅವನು ಹೋದ ಮೇಲೆ ಹಂಪವ್ವ ಮಗನ ಕಡೆ ತಿರುಗಿದಳು. ಆ ದಿನ ಬೈದ ಬೈಗುಳ ಓಣಿಯಲ್ಲಿ ಇವತ್ತಿಗೂ ಜನ ನೆನೆಸುತ್ತಾರೆ. ಕಡೆಗೆ ಅಂದಳು, "ನೀ ಬರೂದ ಬ್ಯಾಡ! ನಾವು ಹೊಳ್ಳಿ ಬರೋತನಕ ಇಲ್ಲೇ ಹಾದಿ ಕಾಯ್ಕೋಂತ ಬಿದ್ದಿರು!"

"ತಿಳೀತ ಬಿಡವಾ" ಅಂದ ಕೊಟ್ರ. ಬಾಗಿಲತನಕ ಹೋಗಿ ತಿರುಗಿ, "ಬರೂ ಮುಂದ ನನಗೂ ಒಂದೀಟ ಹಿಮಾ ತಾ" ಅಂದ. ಹಂಪವ್ವನ ಕರುಳು ಚುರ್ ಅಂತು. ಕರುಳು ಚುರ್ ಅಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂದು ಇನ್ನೆರಡು ಬೈದಳು.

ಬೆಳಗಾಯಿತು. ಜೀಪು ಓಣಿಯೊಳಗೆ ಬಂತು. ಟ್ರಂಕು ಹತ್ತಿತು, ರೊಟ್ಟಿ ಬುಟ್ಟಿ ಹತ್ತಿತು, ಹಾಸಿಗೆ ಸುರುಳಿ ಹತ್ತಿತು, ನಕಲು ಪ್ರತಿಗಳೆರಡೂ ಹತ್ತಿದವು. ಹಂಪವ್ವ ಹೊಸ ಇಲಕಲ್ ಸೀರೆ ಉಟ್ಟು ಮುಂದೆ ಕೂತಳು. ಜೀಪು ಹೊರಟಿತು, ಓಣಿಯ ಬಾಯಿಗೆ ಬಂದು ಗಕ್ಕನೆ ನಿಂತಿತು.

ಅಡ್ಡಡ್ಡಲಾಗಿ ಖಾನಾವಳಿಯ ನಾಲ್ಕು ಬೆಂಚು. ಬೆಂಚಿನ ಮೇಲೆ ಒರಳು. ಒರಳಿನ ಮುಂದೆ ಒನಕೆ ಹಿಡಿದು ಕೊಟ್ರ. ಆಚೆ ಹಾಲಿನವನು, ಸೈಕಲ್ ಮೇಲೆ ಮೇಷ್ಟರು, ಮೂರು ಎಮ್ಮೆ.

"ತೆಗಿಯೋ ಅವನ್ನ!"

"ತೆಗಿಯಂಗಿಲ್ಲವಾ. ಹಾದಿ ಕಾಯಾಕತ್ತೇನಿ. ನೀವು ಹೊಳ್ಳಿ ಬರೋತನಕ ಒಂದ ನೊಣಾನೂ ಬಿಡಂಗಿಲ್ಲ."

"ಲೇ! ನಾವು ಹೋದ್ರಲ್ಲೇನೋ ಹೊಳ್ಳಿ ಬರೂದು!"

ಕೊಟ್ರ ತಲೆ ಕೆರೆದುಕೊಂಡ. "ಹಂಗಾರ ಹೊಳ್ಳಿ ಬರ್ರಿ. ಆಮ್ಯಾಲೆ ಹೋಗೀರಂತ."

ಹಂಪವ್ವ ಇಳಿದು ಬೈದಳು. ಮೇಷ್ಟರು ತಿಳಿಹೇಳಿದರು. ಎಮ್ಮೆಯೂ ಒದರಿತು. ಕೊಟ್ರ ಜಗ್ಗಲಿಲ್ಲ. ಇಮಾಮಸಾಬನ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು, ಯಾವುದೋ ಮದುವೆಯವರದು. ಅಷ್ಟರಲ್ಲಿ ಮುತ್ತ ಚಡ್ಡಿ ಹಿಡಿದುಕೊಂಡು, "ಅಜ್ಜೀ, ಒಂದಕ್ಕ!" ಅಂದ. "ನಂದೂ!" ಅಂದಳು ಸಾವಿ.

ಹಂಪವ್ವನಿಗೆ ಎಲ್ಲಿಲ್ಲದ ರೋಷ ಬಂತು. ಎರಡೂ ಮಕ್ಕಳ ರಟ್ಟೆ ಹಿಡಿದು ಮನೆಯ ಕಡೆ ಎಳೆದುಕೊಂಡು ಹೋಗುತ್ತ, ತಿರುಗಿ ಚೀರಿದಳು. "ಆತೋ, ಆತು! ನಾವು ಹೊಳ್ಳಿ ಬಂದ್ವಿ ಅಂತ ತಿಳಕೋ! ನೇಪಾಳಕ್ಕ ಹೋದ್ವಿ, ನೋಡಿದ್ವಿ, ಬಂದ್ವಿ! ಈಗರ ತೆಗೀ!"

ಕೊಟ್ರನ ಮುಖ ಅರಳಿತು. ಒನಕೆ ಬಿಸಾಕಿದ, ಒರಳು ಇಳಿಸಿದ, ಬೆಂಚು ಸರಿಸಿದ.

ಮಕ್ಕಳ ಚಡ್ಡಿ ಕಟ್ಟಿ, ಮುಖ ತೊಳೆದು, ಹಂಪವ್ವ ಓಣಿಗೆ ಬಂದಾಗ ಹಾದಿ ಖಾಲಿ. ಎಮ್ಮೆ ಇಲ್ಲ, ಮೇಷ್ಟರಿಲ್ಲ, ಜೀಪೂ ಇಲ್ಲ. ಟ್ರಂಕು, ಬುಟ್ಟಿ, ಹಾಸಿಗೆ ಹೊತ್ತುಕೊಂಡು ಕೊಟ್ರ ಎದುರಿಗೆ ಬರುತ್ತಿದ್ದ.

"ಜೀಪ್ ಎಲ್ಲೋ?"

"ಕಳಿಸಿದೆನವಾ. ಪ್ರವಾಸ ಮುಗೀತು, ನಮ್ಮವರು ಸುಖವಾಗಿ ಬಂದ್ರು, ನೀ ನಡಿ ಅಂದೆ. ಇಮಾಮಸಾಬ ದೇವರಿಗೆ ಕೈ ಮುಗಿದು ಹೋದ."

ಹಂಪವ್ವ ಫೋನ್ ಹಚ್ಚಿದಳು. ಆ ಕಡೆಯಿಂದ ವಾದ್ಯದ ಗದ್ದಲ. "ಹಂಪಮ್ಮಾರ, ಮದುವಿ ಮಂದಿ ಹತ್ಯಾರ, ನನ್ನ ಬಿಟ್ಟಬಿಡ್ರಿ!"

ಹಂಪವ್ವ ಬಾಯಿ ತೆರೆದಳು. ಮೂವತ್ತು ವರ್ಷದಲ್ಲಿ ಮೊದಲನೇ ಸಲ ಆ ಬಾಯಿಗೆ ಬೈಗುಳ ಬರಲಿಲ್ಲ. ಹೇಳಿದ್ದು ಅವಳೇ. ಯಾರನ್ನು ಬೈಯಬೇಕು? ಕಟ್ಟೆಯ ಮೇಲೆ ಕುಸಿದು ಕೂತಳು.

ಕೊಟ್ರ ಬಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. ಅವಳ ಸುಟ್ಟ ಅಂಗೈ ಎರಡನ್ನೂ ಬಿಡಿಸಿದ, ಹಿಂದೆ ಮುಂದೆ ತಿರುಗಿಸಿ ನೋಡಿದ. ಬಹಳ ಸಿಟ್ಟು ಬಂತು ಅವನಿಗೆ.

"ಬರಿಗೈಲೆ ಬಂದೀಯಲ್ಲವಾ!" ಅಂದ.

ಹಿಮ ಅಲ್ಲೇ ಉಳಿಯಿತು, ರೊಟ್ಟಿ ಇಲ್ಲೇ ಉಳಿಯಿತು. ಅವರೂ ಹೊಳ್ಳಿ ಬಂದರು, ಕತೆಯೂ ಹೊಳ್ಳಿ ಬಂತು.