ಹೊಂಬಾಳಮ್ಮನ ಮಗ ಪಟ್ಟಿ ತಿದ್ದಿದ್ದು

ಹೊಂಬಾಳಮ್ಮ ಅಂತ ಒಬ್ಬಳಿದ್ದಳು ಕಣ್ರಪ್ಪಾ. ಅವಳಿಗಿದ್ದದ್ದು ಎರಡೇ ಆಸ್ತಿ. ಒಂದು ಕೆಂಪು ಕಡಸು, ಇನ್ನೊಂದು ಮಗ ಸಿಂಗ್ರಿ. ಕಡಸಿಗೆ ಬುದ್ಧಿ ಇತ್ತು. ಮಗನಿಗೆ? ಅಯ್ಯೋ, ಅದನ್ನೇ ಹೇಳೋಕೆ ಹೊರಟಿದ್ದೀನಿ. ನೀರು ತಾರೋ ಅಂದ್ರೆ ತರೋನು. ಚೊಂಬಲ್ಲಿ ತಾ ಅನ್ನದಿದ್ರೆ ಬೊಗಸೇಲೇ ತರೋನು. ಸೋಮಾರಿಯಲ್ಲ, ಸುಳ್ಳ ಅಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಅದೇ ಅವನ ಕಾಯಿಲೆ.

"ಈ ಕಡಸು ಕರು ಹಾಕೋ ಹೊತ್ತಿಗಾದ್ರೂ ನಿಂಗೆ ಬುದ್ಧಿ ಬತ್ತದೇನೋ?" ಅನ್ನೋಳು ಅವ್ವ.

"ಕಡಸನ್ನೇ ಕೇಳಿ ಬತ್ತೀನಿ ಇರವ್ವ!" ಅನ್ನೋನು ಮಗ.

ಆ ವರ್ಷ ಪಕ್ಕದೂರಿಗೆ ಚಪ್ಪೆ ಬೇನೆ ಬಂತು. ಎಳೇ ದನಗಳನ್ನೇ ಹುಡುಕಿ ಹಿಡಿಯೋ ಬೇನೆ ಅದು. ಇವತ್ತು ಕುಂಟಿದ್ದು ನಾಳೆ ಇಲ್ಲ. ಹೊಂಬಾಳಮ್ಮನಿಗೆ ಅನ್ನ ಸೇರಲಿಲ್ಲ. "ದನದ ಆಸ್ಪತ್ರೇಲಿ ಕೆಲಸಕ್ಕೆ ಕರೀತಾವ್ರಂತೆ, ಹೋಗ್ ಮಗನೆ. ಅವರು ಹೇಳಿದ್ದು ಮಾಡು. ನಮ್ಮ ಕಡಸಿಗೂ ಒಂದು ಸೂಜಿ ಬೀಳಲಿ."

ಆಸ್ಪತ್ರೇಲಿ ಕಂಪ್ಯೂಟರ್ ನೋಡ್ಕೊಳ್ಳೋರು ಲೋಲಾಕ್ಷಿ ಮೇಡಂ. ಅವರೇ ಒಂದು ಪ್ರೋಗ್ರಾಮು ಬರೆದಿದ್ದರು. ಅದು ಫೈಲಲ್ಲಿರೋ ದನಗಳ ವಿವರನೆಲ್ಲ ಓದಿ, ಸಾಲು ಸಾಲಾಗಿ ಒಂದು ಪಟ್ಟಿ ಮಾಡಿ ತೋರಿಸೋದು. ಯಾರ ದನ, ಏನು ಬಣ್ಣ, ಯಾಕೆ ಬರಬೇಕು, ಎಲ್ಲ ಅದರಲ್ಲಿ. ನೋಡಿ ಪಟ್ಟಿ ಮುಚ್ಚಿದ್ರೆ ಪ್ರೋಗ್ರಾಮು ಮುಂದಕ್ಕೆ ಹೋಗಿ, ದನದೋರ ಫೋನಿಗೆಲ್ಲ "ಬನ್ನಿ" ಅಂತ ಮೆಸೇಜು ಹಾಕೋದು.

"ಸಿಂಗ್ರಿ, ನಾನು ಮೀಟಿಂಗಿಗೆ ಹೋಗಿ ಬರ್ತೀನಿ. ಈ ಪಟ್ಟಿ ನೋಡ್ತಾ ಇರು," ಅಂದರು ಮೇಡಂ.

ನೋಡ್ತಾ ಇದ್ದ. ಊಟಕ್ಕೆ ಏಳಲಿಲ್ಲ, ನೋಡ್ತಾ ಇದ್ದ. ನೊಣ ಮೂಗಿನ ಮೇಲೆ ಕೂತ್ರೂ ಓಡಿಸಲಿಲ್ಲ, ನೋಡ್ತಾನೇ ಇದ್ದ. ಸಂಜೆ ಮೇಡಂ ಬಂದು ನೋಡ್ತಾರೆ, ಒಬ್ಬರಿಗೂ ಮೆಸೇಜು ಹೋಗಿಲ್ಲ!

"ಅಯ್ಯೋ ನಿನ್ನ! ಪಟ್ಟಿ ತೆರೆದಿರೋವರೆಗೂ ಪ್ರೋಗ್ರಾಮು ಅಲ್ಲೇ ನಿಂತಿರುತ್ತೆ ಕಣೋ! ಮುಚ್ಚಬೇಕು!"

"ನೋಡ್ತಾ ಇರು ಅಂದ್ರಿ ಮೇಡಂ!"

ಮನೇಲಿ ಅವ್ವ ಹಣೆ ಚಚ್ಚಿಕೊಂಡಳು. "ಲೋ ಪೆದ್ದೇ! ನೋಡಿದ ತಕ್ಷಣ ಮುಚ್ಚಬೇಕಪ್ಪಾ!"

"ಆಯ್ತವ್ವ! ನೋಡಿದ ತಕ್ಷಣ ಮುಚ್ತೀನಿ!"

ಮಾರನೇ ದಿನ ಪಟ್ಟಿ ಬಂತು. ಬಂದಿದ್ದೇ ತಡ, ಟಪ್ ಅಂತ ಮುಚ್ಚಿದ! ಮೆಸೇಜು ಹೊರಟೇಬಿಟ್ಟವು. ಆದ್ರೆ ಫೈಲಲ್ಲೊಂದು ಸಾಲು ಜಾರಿ, ಎತ್ತುಗಳ ಮುಂದೆಲ್ಲ "ಗಬ್ಬದ ಪರೀಕ್ಷೆ" ಅಂತ ಬಿದ್ದಿತ್ತು. ಆಸ್ಪತ್ರೆ ಬಾಗಿಲಿಗೆ ಬಂದವಪ್ಪಾ ಎತ್ತುಗಳು! ಭುಸ್ ಭುಸ್ ಅಂತ ಬೆನ್ನ ಮೇಲೆ ಇಷ್ಟಿಷ್ಟು ದಪ್ಪ ಡುಬ್ಬದ ಎತ್ತುಗಳು! ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತೆ, ಹಾಗೆ ಹಿಡ್ಕೊಂಡು ಬಂದಿದ್ರು ಜನ. ಬಂದೋರಿಗೂ ಬುದ್ಧಿ ಇರಲಿಲ್ಲ ಅನ್ನಿ. ನಮ್ಮ ಸಿಂಗ್ರಿ ಒಬ್ಬನನ್ನೇ ಯಾಕೆ ನಗೋದು?

"ತಪ್ಪಿದ್ರೆ ತಿದ್ದಿ ಆಮೇಲೆ ಮುಚ್ಚೋ, ಮಾರಾಯ!" ಅಂತ ಮೇಡಂ ಕೂಗಿಕೊಂಡರು.

"ತಕ್ಷಣ ಮುಚ್ಚು ಅಂದ್ಳು ನಮ್ಮವ್ವ!"

"ನಿಮ್ಮವ್ವಂಗೇನು ಗೊತ್ತೋ ಕಂಪ್ಯೂಟರು! ತಿದ್ದಬೇಕು!"

"ಆಯ್ತು ಮೇಡಂ! ತಿದ್ದಿ ಮುಚ್ತೀನಿ!"

ಆಮೇಲೆ ಚಪ್ಪೆ ಬೇನೆ ಸೂಜಿಯ ಪಟ್ಟಿ ಬಂತು. ಸಿಂಗ್ರಿ ಬೆರಳಿಟ್ಟು ಓದಿದ. ಹೊಂಬಾಳಮ್ಮ, ಕಡಸು, ಬಣ್ಣ ಬಿಳಿ. "ಅಯ್ಯಯ್ಯೋ, ನಮ್ಮದು ಕೆಂಪು!" ಆ ಪಟ್ಟಿಯ ಮೇಲೇ ಬಿಳಿ ಅಳಿಸಿ ಕೆಂಪು ಅಂತ ಒತ್ತಿದ. ಪಟ್ಟೀಲಿ ಕೆಂಪಾಯ್ತು. ಖುಷಿಯಾಗಿ ಮುಚ್ಚಿದ.

ಹೊಂಬಾಳಮ್ಮ ಕಡಸಿಗೆ ಮೈ ತೊಳೆದು ಹೊಡ್ಕೊಂಡು ಬಂದಳು. ಡಾಕ್ಟ್ರು ಫೈಲಿಂದ ಅಚ್ಚಾಗಿ ಬಂದ ಕಾಗದ ನೋಡಿದರು, ಕಡಸು ನೋಡಿದರು. "ಇಲ್ಲಿ ಬಿಳಿ ಅಂತ ಇದೆಯಲ್ಲಮ್ಮ. ಔಷಧಿ ಬಂದಿರೋದೇ ಕಮ್ಮಿ, ಕಂಡಕಂಡ ಊರಿನ ದನ ತರ್ತಾವ್ರೆ. ಪಟ್ಟೀಲಿರೋ ದನಕ್ಕೇ ಸೂಜಿ. ಸರಿಮಾಡಿಸ್ಕೊಂಡು ನಾಳೆ ಬಾ. ನಾಳಿದ್ದು ನಾವು ಇಲ್ಲಿರಲ್ಲ, ಬೇರೆ ಊರಿಗೆ ಹೋಗ್ತೀವಿ."

ಹೊಂಬಾಳಮ್ಮ ಮಗನ ಕಡೆ ತಿರುಗಿದಳು. ಸಿಂಗ್ರಿ ಓಡಿದ. "ಮೇಡಂ, ನಾನು ತಿದ್ದಿದ್ದೆ! ಕಣ್ಣಾರೆ ಕೆಂಪು ಮಾಡಿದ್ದೆ!"

"ತೋರಿಸೋ ಪಟ್ಟೀಲಿ ತಿದ್ದಿದ್ಯೇನೋ?" ಮೇಡಂ ತಲೆ ಹಿಡ್ಕೊಂಡರು. "ಅದು ಬರೀ ನೋಡೋಕೆ ಕಣಪ್ಪಾ! ಕನ್ನಡಿ ಒರೆಸಿದ್ರೆ ಮುಖದ ಮಸಿ ಹೋಗುತ್ತಾ? ಮುಖಾನೇ ತೊಳೀಬೇಕು! ಮೂಲದಲ್ಲಿ ತಿದ್ದು, ಪಟ್ಟಿ ತಾನೇ ಸರಿಹೋಗುತ್ತೆ!"

"ಆಯ್ತು ಮೇಡಂ! ಮೂಲದಲ್ಲೇ ತಿದ್ತೀನಿ!" ಅಂದು ಒಂದೇ ಓಟ ಮನೆಗೆ.

ಅವನು ಹೋದ ಮೇಲೆ ಮೇಡಂಗೆ ಪಾಪ ಅನ್ನಿಸ್ತು. ಹುಡುಗ ಒಳ್ಳೇವನು, ಅವರಮ್ಮನ ಜೀವವೇ ಆ ಕಡಸಲ್ಲಿದೆ ಅಂದುಕೊಂಡು, ಫೈಲು ತೆಗೆದು ತಾವೇ ಬಿಳಿ ಅಂತಿದ್ದದ್ದನ್ನ ಕೆಂಪು ಮಾಡಿಟ್ಟರು.

ಇತ್ತ ಸಿಂಗ್ರಿ ಏನು ಮಾಡಿದ? ಕಡಸನ್ನ ಎದುರಿಗೆ ನಿಲ್ಲಿಸಿಕೊಂಡು ಯೋಚನೆ ಮಾಡಿದ. ಪಟ್ಟಿ ಬಂದದ್ದು ದನದಿಂದ ತಾನೆ? ಹಾಗಾದ್ರೆ ಮೂಲ ಯಾವುದು? ಇದೇ! ಪಟ್ಟೀಲಿ ಬಿಳಿ, ಮೂಲದಲ್ಲಿ ಕೆಂಪು. ಮೂಲ ತಿದ್ದಬೇಕು! ಮಾರನೇ ದಿನ ಬೆಳಿಗ್ಗೆ ಅವ್ವ ಹುಲ್ಲು ತರೋಕೆ ಹೋದ ಹೊತ್ತು ನೋಡಿ ಅಕ್ಕಿಹಿಟ್ಟು ಕಲಸಿದ. ಕೊಂಬಿಂದ ಬಾಲದವರೆಗೆ ಬಳಿದ. ಕಡಸು ಹಂಸದ ಹಾಗಾಯ್ತು. ಅವ್ವ ಬರೋ ಮುಂಚೆ ಆಸ್ಪತ್ರೆಗೆ ಹೊಡ್ಕೊಂಡೂ ಹೋದ.

ಡಾಕ್ಟ್ರು ಹೊಸ ಕಾಗದ ನೋಡಿದರು, ಕಡಸು ನೋಡಿದರು. "ಲೋ! ಇಲ್ಲಿ ಕೆಂಪು ಅಂತ ಇದೆ!"

"ಕೆಂಪಾ? ಬಿಳಿ ಅಲ್ವಾ?"

"ನಾನೇ ತಿದ್ದಿದೆನಲ್ಲೋ ಸಿಂಗ್ರಿ! ಇದೇನೋ ಇದು ಹಿಟ್ಟು?" ಅಂತ ಮೇಡಂ ಓಡಿ ಬಂದರು.

ಸಿಂಗ್ರಿಗೆ ಕಣ್ಣು ತುಂಬಿ ಬಂತು. ಹಿಂದೆ ಅವ್ವ ಏದುಸಿರು ಬಿಡ್ತಾ ಬರ್ತಾವ್ಳೆ. ಡಾಕ್ಟ್ರು ಔಷಧಿ ಡಬ್ಬ ಮುಚ್ತಾವ್ರೆ. "ಅವ್ವನ ಕಡಸು ಸತ್ತೋಯ್ತದೆ ಸಾರ್! ಒಂದೇ ನಿಮಿಷ ಸಾರ್!" ಅಂದೋನೇ ಕಾಂಪೌಂಡಿನ ಪಕ್ಕದ ಗುಂಡಿಗೆ ಹಾರಿದ. ಎರಡು ಕೈಲೂ ಕೆಮ್ಮಣ್ಣಿನ ಕೆಸರು ಬಾಚಿದ. ಯಾರೂ ಹಿಡಿಯೋ ಮುಂಚೆ ಮೂತಿಯಿಂದ ಬಾಲದವರೆಗೆ ಮೆತ್ತಿಯೇಬಿಟ್ಟ!

ಕೆಂಪು ಕಡಸು. ಅದರ ಮೇಲೆ ಬಿಳಿ. ಬಿಳಿ ಮೇಲೆ ಕೆಂಪು.

"ಈಗ ನೋಡಿ ಸಾರ್!"

ಡಾಕ್ಟ್ರು ಕಾಗದ ನೋಡಿದರು, ಕೆಂಪು. ಕಡಸು ನೋಡಿದರು, ಕೆಂಪು. ನಗು ತಡೀಲಾರದೆ ನಗ್ತಾನೇ ಸೂಜಿ ಚುಚ್ಚಿದರು. ಕಡಸು ಒಂದ್ಸಲ ಅಂಬಾ ಅಂತು.

ಹೊಂಬಾಳಮ್ಮ ಅತ್ತಳು, ನಕ್ಕಳು, ಕಡಸಿನ ಕತ್ತು ತಬ್ಬಿಕೊಂಡಳು. ಸೀರೆಯೆಲ್ಲ ಕೆಸರು, ಕೆಸರಿನಡಿ ಹಿಟ್ಟು. ಆಮೇಲೆ ಮಗನ ಕಡೆ ತಿರುಗಿ, ಬುದ್ಧಿ ಹೇಳೋಣ ಅಂತ ಬಾಯಿ ತೆಗೆದಳು. ಯಾಕೋ ಭಯ ಆಯ್ತು. ಮುಚ್ಚಿಕೊಂಡುಬಿಟ್ಟಳು.