ಮೂರು ಭಾನುವಾರ

"ಗುರುಗಳೇ, ಹಿಡಿದ ಕೆಲಸವನ್ನು ಅರ್ಧಕ್ಕೇ ಕೈಬಿಟ್ಟವನೊಬ್ಬನನ್ನು ಮೊನ್ನೆ ನೀವು ಎಲ್ಲರೆದುರು ಹೊಗಳಿದಿರಿ. ಬಿಡುವುದರಲ್ಲಿ ಹೊಗಳುವಂಥದ್ದು ಏನಿದೆ?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. "ಬಿಡುವುದು ಸುಲಭ ಎಂದುಕೊಂಡಿದ್ದೀಯಲ್ಲ, ಅದಕ್ಕೇ ಈ ಪ್ರಶ್ನೆ. ಕೂತುಕೋ" ಎಂದು ಹೇಳತೊಡಗಿದರು.

ಒಬ್ಬ ಕಬಡ್ಡಿ ಅಭಿಮಾನಿಯಿದ್ದ. ಪಂದ್ಯ ಎಲ್ಲಿದ್ದರೂ ಅವನು ಅಲ್ಲಿ ಹಾಜರು. ಆಟ ನೋಡುವವರಿಗಾಗಿ ಒಂದು ಆ್ಯಪ್ ಕಟ್ಟಬೇಕೆಂಬ ಯೋಚನೆ ಅವನ ತಲೆಗೆ ಹೊಕ್ಕಿತು. ಎದುರು ಪಾಳಯಕ್ಕೆ ನುಗ್ಗುವ ಆಟಗಾರ ಅಂಕ ತರುತ್ತಾನೋ, ಸಿಕ್ಕಿಬೀಳುತ್ತಾನೋ ಎಂಬುದನ್ನು ನೋಡುಗರು ಮೊದಲೇ ಮೊಬೈಲಿನಲ್ಲಿ ಒತ್ತಿ ಹೇಳಬೇಕು. ಸರಿಯಾಗಿ ಹೇಳಿದವರ ಹೆಸರು ಮೇಲಕ್ಕೆ ಹೋಗುತ್ತದೆ. ದುಡ್ಡಿನ ಮಾತಿಲ್ಲ, ಖುಷಿಗಷ್ಟೇ.

ಮೈದಾನದಲ್ಲಿ ಕಂಡಕಂಡವರನ್ನೆಲ್ಲ ಕೇಳಿದ. "ಬಲು ಚೆನ್ನಾಗದೆ ಕಣಣ್ಣ, ಮಾಡು, ನಾವಿದ್ದೀವಿ" ಎಂದರು. ಬೇಡ ಎಂದವರು ಒಬ್ಬರೂ ಇಲ್ಲ.

ಅವನಿಗೊಬ್ಬ ಗೆಳೆಯ. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಆ್ಯಪ್ ಬರೆಯಬೇಕಾದವನು ಅವನೇ. ಹೆಂಡತಿ, ಇಬ್ಬರು ಮಕ್ಕಳು, ಆ ಒಂದು ಸಂಬಳದಲ್ಲಿ ಸಂಸಾರ. ಆದರೂ ಅವನು ರಾಜೀನಾಮೆ ಪತ್ರ ಬರೆದು ಜೇಬಿನಲ್ಲಿಟ್ಟುಕೊಂಡು ಬಂದ. "ನೀನು ಹೂಂ ಅನ್ನು, ನಾಳೇನೇ ಕೊಟ್ಬುಡ್ತೀನಿ" ಎಂದ.

ಹೂಂ ಎನ್ನುವ ಆಸೆ ಅಭಿಮಾನಿಗೆ ಗಂಟಲವರೆಗೂ ಬಂದಿತ್ತು. ನುಂಗಿಕೊಂಡ. ಒಂದು ಮನೆಯ ಅನ್ನ ತನ್ನ ಒಂದು ಮಾತಿನ ಮೇಲೆ ನಿಂತಿದೆ ಎಂದು ಅವನಿಗೆ ಭಯವಾಯಿತು. ಮೂರು ಭಾನುವಾರ ತಡೆದುಕೋ ಎಂದ. ಒಂದು ಚೀಟಿಯಲ್ಲಿ ಹೀಗೆ ಬರೆದ: ಮಾಡು ಎಂದವರಲ್ಲಿ ಹನ್ನೆರಡು ಜನರನ್ನು ಆಡಿಸಿ ನೋಡುತ್ತೇನೆ, ಮೂರನೆಯ ಭಾನುವಾರ ಅವರಲ್ಲಿ ಆರು ಜನರಾದರೂ ಆಡಬೇಕು, ಇಲ್ಲವಾದರೆ ಬಿಟ್ಟೆ. ಆ ಚೀಟಿಯನ್ನು ಗೆಳೆಯನ ಕೈಗೇ ಕೊಟ್ಟ. ತನ್ನ ಹತ್ತಿರವಿದ್ದರೆ ಆರನ್ನು ಮೂರು ಎಂದು ತಿದ್ದಿಬಿಡುತ್ತೇನೆ ಎಂಬುದು ಅವನಿಗೆ ಗೊತ್ತಿತ್ತು. ತಮ್ಮನ್ನು ತಾವು ಅಷ್ಟು ಚೆನ್ನಾಗಿ ಬಲ್ಲವರು ಎಷ್ಟು ಮಂದಿ ಇದ್ದಾರೆ, ಹೇಳು.

ಆ್ಯಪ್ ಇನ್ನೂ ಹುಟ್ಟಿರಲಿಲ್ಲ. ಅದು ಮಾಡಬೇಕಾದ ಕೆಲಸವನ್ನು ಅವನೇ ಕೈಯಾರೆ ಮಾಡಿದ. ಆ ಹನ್ನೆರಡು ಜನರ ವಾಟ್ಸಾಪ್ ಗುಂಪು ಕಟ್ಟಿದ. ಬೆಳಿಗ್ಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ನೆನಪಿಸಿದ. ಪಂದ್ಯ ನಡೆಯುವಾಗ ಪ್ರಶ್ನೆ ಕಳಿಸಿದ, ಉತ್ತರ ನೋಡಿದ, ಗೆದ್ದವರ ಹೆಸರು ಹಾಕಿದ.

ಮೊದಲ ಭಾನುವಾರ ಹನ್ನೆರಡು ಜನರೂ ಆಡಿದರು. ಗೆಳೆಯ ಕುಣಿದಾಡಿದ. ಅಭಿಮಾನಿ ಕುಣಿಯಲಿಲ್ಲ. ಒತ್ತುವ ಮುಂಚೆ ಅವರು ತನ್ನ ಕಡೆ ತಿರುಗಿ ನಗುತ್ತಿದ್ದುದನ್ನು ಅವನು ಕಂಡಿದ್ದ. ನಾವು ದಾಕ್ಷಿಣ್ಯದ ಜನ. ಹೊಟ್ಟೆ ತುಂಬಿದ್ದರೂ, ಕರೆದರಲ್ಲ ಎಂದು ಇನ್ನೊಬ್ಬರ ಮನೆಯಲ್ಲಿ ಮತ್ತೆ ಎಲೆಯ ಮುಂದೆ ಕೂರುತ್ತೇವೆ.

ಎರಡನೆಯ ಭಾನುವಾರ ಅವನು ಯಾರ ಕಣ್ಣಿಗೂ ಬೀಳದ ಕಡೆ ಕೂತು ಪ್ರಶ್ನೆ ಕಳಿಸಿದ. ಐದು ಜನ ಆಡಿದರು. ಮೂರನೆಯ ಭಾನುವಾರ ಬೆಳಿಗ್ಗೆ ಫೋನನ್ನೂ ಮಾಡಲಿಲ್ಲ, ಪ್ರಶ್ನೆಗಳನ್ನಷ್ಟೇ ಕಳಿಸಿದ. ಆಡಿದವನು ಒಬ್ಬನೇ, ಹಿಂದೊಮ್ಮೆ ತಾನೂ ಕಬಡ್ಡಿ ಆಡಿದ್ದ ಮುದುಕ. ಪಂದ್ಯ ಮುಗಿದ ಮೇಲೆ ಅಭಿಮಾನಿ ಅವನ ಹತ್ತಿರ ಹೋಗಿ, ಆಟ ಹಿಡಿಸಿತೇ ಎಂದು ಕೇಳಿದ.

"ನೀನು ಬೇಜಾರು ಮಾಡ್ಕತೀಯ ಅಂತ ಒತ್ತುದೆ ಕಣಪ್ಪ" ಎಂದ ಮುದುಕ. "ಇದನ್ನ ಒತ್ತಕ್ಕೆ ಹೋಗಿ, ಕೊನೇಲಿ ಆ ಹುಡುಗ ಕಾಲು ಹಿಡ್ದು ಕೆಡವಿದ್ನಲ್ಲ, ಅದನ್ನೇ ನೋಡ್ಲಿಲ್ಲ."

ಊರೆಲ್ಲ ಎದ್ದು ನಿಂತು ಕೂಗಿದ ಹಿಡಿತ ಅದು. ಅಭಿಮಾನಿಗೆ ನಾಚಿಕೆಯಾಯಿತು. ತಾನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವ ಆಟವನ್ನು, ತನ್ನ ಮೇಲೆ ಪ್ರೀತಿಯಿದ್ದ ಒಬ್ಬನಿಗೆ ತಾನೇ ತಪ್ಪಿಸಿದ್ದ.

ಗೆಳೆಯ ಬಿಡಲೊಲ್ಲ. ಇನ್ನೊಂದು ತಿಂಗಳು ನೋಡೋಣ ಎಂದ, ಪ್ರಶ್ನೆ ಕಡಿಮೆ ಮಾಡೋಣ ಎಂದ, ಒಬ್ಬನಾದರೂ ಆಡಿದನಲ್ಲ ಎಂದ. ಅಭಿಮಾನಿ ಚೀಟಿ ತೆಗೆದು ಓದು ಎಂದ. ಗೆಳೆಯ ಓದಲಿಲ್ಲ. ಆಗ ಅಭಿಮಾನಿ ಅವನ ಜೇಬಿಗೆ ಕೈಹಾಕಿ ರಾಜೀನಾಮೆ ಪತ್ರವನ್ನು ತೆಗೆದು ಹರಿದುಹಾಕಿದ. ಹರಿಯುವಾಗ ಅವನ ಕಣ್ಣಲ್ಲಿ ನೀರಿತ್ತು. ಎರಡು ವರ್ಷ ಎದೆಗೆ ಅವಚಿಕೊಂಡಿದ್ದ ಯೋಚನೆ ಅದು.

ಸೋಮವಾರ ಗೆಳೆಯ ಎಂದಿನಂತೆ ಕಾಲೇಜಿಗೆ ಹೋಗಿ ಪಾಠ ಮಾಡಿದ. ಅಭಿಮಾನಿ ಹನ್ನೆರಡು ಮನೆಗಳಿಗೂ ಹೋಗಿ, ಬಿಟ್ಟುಬಿಟ್ಟೆ, ನಿಮಗೆ ತೊಂದರೆ ಕೊಟ್ಟೆ ಎಂದು ಹೇಳಿ ಬಂದ. ಎಂಥ ಮನುಷ್ಯ! ನಾನು ಅವನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಮೂರು ಭಾನುವಾರ ಕಾದು ನೋಡುವುದಕ್ಕೆ ಅಂಥ ಧೈರ್ಯವೇನು ಬೇಕು, ಗುರುಗಳೇ?" ಎಂದ.

"ಮೂವತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ, ಒಂದು ದಿನವಾದರೂ ಯಾರನ್ನೂ ಕರೆಯದೆ ಕೂತು, ಎಷ್ಟು ಜನ ಬರುತ್ತಾರೆಂದು ನೋಡುವ ಧೈರ್ಯ ನನಗಿನ್ನೂ ಬಂದಿಲ್ಲ" ಎಂದರು ಗುರುಗಳು.